ಸಣ್ಣ ಸಂಘಟನೆಯ ಚೆಕ್ ಬುಕ್ ಯಾರ ಕೈಯಲ್ಲಿ ಇರಬೇಕು?

ಘಟಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ನಿಮ್ಮ ಅಭಿಪ್ರಾಯ ಹೇಳಿ.

ನಮ್ಮ ಕಡೆ ಒಂದು ಸಣ್ಣ ಸಂಸ್ಥೆ ಇದೆ. ಹೆಸರು ಬೇಡ. ಕೂಲಿ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತದೆ. ಉದ್ಯೋಗ ಖಾತ್ರಿ ಕೂಲಿ ಬಾಕಿ, ನಿಂತುಹೋದ ವಿಧವಾ ವೇತನ, ಮನೆಯಲ್ಲಿ ಹೊಡೆತ ತಿಂದು ಬಂದವರ ಜೊತೆ ಪೊಲೀಸ್ ಠಾಣೆಗೆ ಹೋಗುವುದು, ಇಂಥ ಕೆಲಸಗಳು. ಶುರುವಿನಿಂದ ನಡೆಸಿಕೊಂಡು ಬಂದ ಕಾರ್ಯದರ್ಶಿ ಸರ್ ವಯಸ್ಸಾಯಿತು, ಬಿಡುತ್ತೇನೆ ಅಂದಿದ್ದಾರೆ. ಮುಂದಿನ ತಿಂಗಳು ಸರ್ವಸದಸ್ಯರ ಸಭೆ. ಅವರ ಜಾಗಕ್ಕೆ ಯಾರು ಅನ್ನುವುದೇ ಈಗ ದೊಡ್ಡ ಚರ್ಚೆ.

ಎರಡು ಹೆಸರು ಓಡಾಡುತ್ತಿವೆ. ಒಬ್ಬ ಧಾರವಾಡದಲ್ಲಿ ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಓದಿದ ಹುಡುಗ. ಇಂಗ್ಲಿಷ್ ಚೆನ್ನಾಗಿದೆ, ಪ್ರಾಜೆಕ್ಟ್ ಬರೆಯುತ್ತಾನೆ, ಒಳ್ಳೆಯವನು. ಇನ್ನೊಬ್ಬರು ಅದೇ ಕೂಲಿ ಹೆಣ್ಣುಮಕ್ಕಳ ನಡುವಿನಿಂದ ಬಂದ ಅಕ್ಕ. ಏಳನೇ ತರಗತಿವರೆಗೆ ಓದಿದ್ದಾರೆ. ಈ ಅಕ್ಕ ಪಂಚಾಯಿತಿಗೆ ಅರ್ಜಿ ಕೊಡುವುದನ್ನು ನೀವು ನೋಡಬೇಕು. ಅರ್ಜಿ ಜೊತೆ ಅದರ ಜೆರಾಕ್ಸ್ ಇಟ್ಟುಕೊಂಡೇ ಹೋಗುತ್ತಾರೆ. ಜೆರಾಕ್ಸ್ ಮೇಲೆ ಸೀಲು, ಸಹಿ, ತಾರೀಖು ಮೂರೂ ಬೀಳುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ. "ಸಾಹೇಬ್ರು ಊಟಕ್ಕೆ ಹೋಗ್ಯಾರ" ಅಂದರೆ "ಹೋಗಿ ಬರ್ಲಿ ಬಿಡ್ರಿ, ನಾನೂ ಬುತ್ತಿ ತಂದೀನಿ" ಅಂತಾರೆ. ಹೊಸಬರಿಗೆ ಅವರು ಮೊದಲು ಕಲಿಸುವುದೇ ಈ ಸೀಲಿನ ಪಾಠ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಅಕ್ಕನೇ ಕಾರ್ಯದರ್ಶಿ ಆಗಬೇಕು. ಚೆಕ್ಕಿಗೂ ಅವರ ಸಹಿಯೇ ಇರಬೇಕು. ಆದರೆ ಸಭೆಯಲ್ಲಿ ಇದನ್ನು ಎತ್ತಿದರೆ "ನಡೆಯುವ ಮಾತಾ ಇದು?" ಅನ್ನುತ್ತಾರೆ.

ನಡೆದಿರುವುದು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರೂ 'ಮಾಸ್' ಅನ್ನುತ್ತಾರೆ. ದೇವದಾಸಿ ಪದ್ಧತಿಗೆ 1982ರಲ್ಲೇ ರಾಜ್ಯದಲ್ಲಿ ನಿಷೇಧದ ಕಾಯ್ದೆ ಆಯಿತು. ಆದರೂ ಹುಣ್ಣಿಮೆ ರಾತ್ರಿ ಹೆಣ್ಣುಮಗುವನ್ನು ದೇವಿಗೆ ಬಿಟ್ಟು ಮುತ್ತು ಕಟ್ಟುವುದು ಕದ್ದುಮುಚ್ಚಿ ನಡೆದೇ ಇತ್ತು. 90ರ ದಶಕದಲ್ಲಿ ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಸೇರಿ ಇಲ್ಲಿ ಕೆಲಸ ಶುರು ಮಾಡಿದವು. ಆಮೇಲೆ 1997ರಲ್ಲಿ ಮಾಜಿ ದೇವದಾಸಿಯರದ್ದೇ ಸಂಸ್ಥೆ ನೋಂದಣಿ ಆಯಿತು. ಮೂರು ಸಾವಿರಕ್ಕೂ ಜಾಸ್ತಿ ಸದಸ್ಯೆಯರು. ಏಳನೇ ವಯಸ್ಸಿಗೆ ಯಲ್ಲಮ್ಮನಿಗೆ ಬಿಡಲ್ಪಟ್ಟಿದ್ದ ಸೀತವ್ವ ಜೋಡಟ್ಟಿ ಮುಂದೆ ಅದೇ ಸಂಸ್ಥೆಯ ಮುಖ್ಯಸ್ಥೆ ಆದರು. 2018ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಯ ಮಾತು ಹಾಗಿರಲಿ. ಇನ್ನೊಂದು ಮಗುವಿಗೆ ಮುತ್ತು ಕಟ್ಟುತ್ತಾರೆ ಅನ್ನುವ ಸುದ್ದಿ ಮೊದಲು ಯಾರಿಗೆ ಬರುತ್ತದೆ? ಆ ಓಣಿಯಲ್ಲೇ ಇರುವ, ಅದನ್ನು ಅನುಭವಿಸಿದ ಹೆಂಗಸಿಗೆ. ಆಕೆ ಬಾಗಿಲಿಗೆ ಬಂದು ನಿಂತರೆ ಆ ಮನೆಯವರು "ನಿಮಗೇನು ಗೊತ್ತು" ಅನ್ನುವುದಕ್ಕೆ ಆಗುವುದಿಲ್ಲ.

ಹೇಳಿ, ನಾನು ಹಟ ಮಾಡುತ್ತಿದ್ದೇನಾ?

ಲೆಕ್ಕಪತ್ರ ಹುಬ್ಬಳ್ಳಿ

ಹಟ ಅಲ್ಲ ಅಕ್ಕ. ಆದರೆ ಕಾಗದದ ಕಡೆಯಿಂದ ಒಂದೆರಡು ಮಾತು. ನಾನು ಸಣ್ಣ ಸಂಸ್ಥೆಗಳ ಲೆಕ್ಕ ನೋಡುವವನು.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960. ಕನಿಷ್ಠ ಏಳು ಜನ ಸೇರಿದರೆ ಸಂಘ ಆಗುತ್ತದೆ. ಪದಾಧಿಕಾರಿ ಇಷ್ಟು ಓದಿರಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಬೈಲಾದಲ್ಲಿ, ಅಂದರೆ ಸಂಘದ ಸ್ವಂತ ನಿಯಮಗಳಲ್ಲಿ, ನೀವೇ ಹಾಗೆ ಬರೆದುಕೊಂಡಿದ್ದರೆ ಬೇರೆ ಮಾತು, ಒಮ್ಮೆ ತೆಗೆದು ನೋಡಿ. ಹಾಗಾಗಿ "ಏಳನೇ ತರಗತಿ ಓದಿದವರು ಕಾರ್ಯದರ್ಶಿ ಆಗುವ ಹಾಗಿಲ್ಲ" ಅಂತ ಯಾರಾದರೂ ಕಾನೂನಿನ ಹೆಸರು ಹೇಳಿದರೆ ಸುಮ್ನೆ ಹೆದರಿಸುತ್ತಿದ್ದಾರೆ ಅಂತ ಅರ್ಥ.

ಕಷ್ಟ ಇರುವುದು ಬೇರೆ ಕಡೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ, ಆಡಿಟ್, ಪದಾಧಿಕಾರಿಗಳ ಪಟ್ಟಿ ನೋಂದಣಾಧಿಕಾರಿ ಕಚೇರಿಗೆ, ಆದಾಯ ತೆರಿಗೆ ರಿಟರ್ನ್, ತೆರಿಗೆ ವಿನಾಯಿತಿಯ ನವೀಕರಣ. 2021ರಿಂದ ಈ ವಿನಾಯಿತಿ ಒಮ್ಮೆ ಸಿಕ್ಕರೆ ಸದಾಕಾಲಕ್ಕೆ ಅನ್ನುವಂತಿಲ್ಲ, ಅವಧಿ ಮುಗಿದಾಗ ಮತ್ತೆ ಅರ್ಜಿ ಹಾಕಬೇಕು. ಎಲ್ಲವೂ ಆನ್‌ಲೈನ್, ಬಹುಪಾಲು ಇಂಗ್ಲಿಷ್. ಒಂದು ಫಾರಂ ತಪ್ಪಿದರೆ ದಂಡ. ಈ ಕೆಲಸ ಯಾರು ಮಾಡುತ್ತಾರೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ರಾಯಚೂರು ಮಗಳು

ಇದನ್ನು ಓದಿ ಬರೆಯದೆ ಇರಲು ಆಗಲಿಲ್ಲ.

ನಮ್ಮ ಅವ್ವ ಒಂದು ಸಂಸ್ಥೆಯಲ್ಲಿ ಅಧ್ಯಕ್ಷೆ ಆಗಿದ್ದರು. ಯಾವ ಸಂಸ್ಥೆ, ಎಲ್ಲಿ ಅಂತ ಕೇಳಬೇಡಿ. "ದಲಿತ ಮಹಿಳೆಯೇ ನಮ್ಮ ಅಧ್ಯಕ್ಷೆ" ಅಂತ ಬ್ರೋಷರಿನಲ್ಲಿ ಅವ್ವನ ದೊಡ್ಡ ಫೋಟೋ ಹಾಕುತ್ತಿದ್ದರು. ಬೆಂಗಳೂರಿನಿಂದ ಯಾರಾದರೂ ಬಂದರೆ ಅವ್ವನಿಗೆ ಇಳಕಲ್ ಸೀರೆ ಉಟ್ಟು ಬರಲು ಹೇಳಿಕಳಿಸುತ್ತಿದ್ದರು. ಉಳಿದ ದಿನ ಆಫೀಸಿನ ಹುಡುಗ ಸೈಕಲ್ ಮೋಟಾರಿನಲ್ಲಿ ಚೆಕ್ ಬುಕ್ ತಂದು ಮನೆ ಕಟ್ಟೆ ಮೇಲೆ ಇಡುತ್ತಿದ್ದ. ಏನೂ ಬರೆಯದ ಹಾಳೆಗಳು. ಅವ್ವ ರೊಟ್ಟಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಒಂದೊಂದಕ್ಕೂ ಸಹಿ ಹಾಕುತ್ತಿದ್ದರು. ಎಷ್ಟು ಹಣ, ಯಾರಿಗೆ, ಯಾಕೆ ಅಂತ ಯಾರೂ ಹೇಳಲಿಲ್ಲ. ಕೇಳಿದಾಗ "ಅಮ್ಮಾ, ಅದೆಲ್ಲ ನಾವು ನೋಡ್ಕೋತೀವಿ" ಅನ್ನುತ್ತಿದ್ದರು. ಆಮೇಲೆ ಲೆಕ್ಕದಲ್ಲಿ ಗೊಂದಲ ಬಂದಾಗ ನೋಟಿಸು ಬಂದಿದ್ದು ಅವ್ವನ ಹೆಸರಿಗೆ. ಊರಲ್ಲಿ "ದುಡ್ಡು ತಿಂದಳು" ಅನ್ನಿಸಿಕೊಂಡಿದ್ದೂ ಅವ್ವನೇ.

ಇನ್ನೊಂದು ಮಾತು. ಅಧ್ಯಕ್ಷೆ ಅನ್ನುವ ಕಾರಣಕ್ಕೆ ಅವ್ವನಿಗೆ ಸಂಬಳ ಇರಲಿಲ್ಲ, ಅದು ಸೇವೆ ಅಂತೆ. ಮೀಟಿಂಗಿಗೆ ಹೋದ ದಿನ ಹತ್ತಿ ಬಿಡಿಸುವ ಕೂಲಿ ಹೋಗುತ್ತಿತ್ತು. ಅದೇ ಆಫೀಸಿನಲ್ಲಿ ಟೈಪ್ ಮಾಡುವವರಿಗೆ ಸಂಬಳ ಇತ್ತು, ಕಾರ್ಯಕ್ರಮ ನೋಡುವವರಿಗೆ ಸಂಬಳ, ಜೀಪು ಇತ್ತು.

ಆದ್ದರಿಂದ ಘಟಪ್ರಭಾ ಅಕ್ಕ, ನೀವು ಆ ಅಕ್ಕನನ್ನು ಕಾರ್ಯದರ್ಶಿ ಮಾಡಿ. ಖಂಡಿತ ಮಾಡಿ. ಆದರೆ ಚೆಕ್ಕಿನ ಮೇಲೆ ಏನು ಬರೆದಿದೆ ಅಂತ ಅವರಿಗೆ ಓದಿ ಹೇಳದೆ, ಅವರ ದಿನದ ಕೂಲಿಗೆ ದಾರಿ ಮಾಡದೆ ಮಾಡಬೇಡಿ.

ಘಟಪ್ರಭಾ ದಂಡೆ

ತಂಗಿ, ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳಿ. ನೀವು ಬರೆದಿದ್ದನ್ನು ನಮ್ಮ ಸಮಿತಿಯವರಿಗೆ ಓದಿ ಹೇಳುತ್ತೇನೆ. ಗೌರವಧನದ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಲೆಕ್ಕಪತ್ರ ಅಣ್ಣ, ಪದಾಧಿಕಾರಿಗೆ ಸಂಬಳ ಕೊಡಬಹುದಾ? ಕೊಟ್ಟರೆ ವಿನಾಯಿತಿ ಹೋಗುತ್ತದೆ ಅಂತ ಒಬ್ಬರು ಹೇಳುತ್ತಿದ್ದರು.

ಲೆಕ್ಕಪತ್ರ ಹುಬ್ಬಳ್ಳಿ

ಕೊಡಬಹುದು. ಮಾಡುವ ಕೆಲಸಕ್ಕೆ ತಕ್ಕ ಸಂಬಳ ಆಗಿರಬೇಕು, ಬೈಲಾದಲ್ಲಿ ಅದಕ್ಕೆ ಅಡ್ಡಿ ಇರಬಾರದು, ಸಭೆಯಲ್ಲಿ ಠರಾವು ಆಗಿರಬೇಕು. ತೆರಿಗೆಯವರು ಆಕ್ಷೇಪ ಎತ್ತುವುದು ಅಳತೆ ಮೀರಿ ಕೊಟ್ಟಾಗ.

ಆದರೆ ವಿದೇಶಿ ಹಣ ಪಡೆಯುವ ಸಂಸ್ಥೆ ಆಗಿದ್ದರೆ ಒಂದು ತೊಡಕು ಇದೆ, ಜಾಸ್ತಿ ಜನ ಇದನ್ನು ಗಮನಿಸುವುದಿಲ್ಲ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಮೊದಲು ಬಂದ ವಿದೇಶಿ ಹಣದಲ್ಲಿ 50% ತನಕ ಆಡಳಿತ ವೆಚ್ಚಕ್ಕೆ ಬಳಸಬಹುದಿತ್ತು, ಈಗ 20% ಮಾತ್ರ. ಆಡಳಿತ ಮಂಡಳಿಯ ಸದಸ್ಯರಿಗೆ ಕೊಡುವ ಸಂಬಳ, ಪ್ರಯಾಣ ವೆಚ್ಚ ಎಲ್ಲ ಈ 20%ರ ಒಳಗೇ ಬರುತ್ತದೆ. ಅಂದರೆ ಬಡವರ ನಡುವಿನಿಂದ ಬಂದ ನಾಯಕಿಯನ್ನು ಮಂಡಳಿಗೆ ತಂದು, ಆಕೆಯ ಜೀವನಕ್ಕೂ ಸಂಬಳ ಕೊಡುತ್ತೇವೆ ಅಂದರೆ ಬಾಡಿಗೆ, ಕರೆಂಟು, ಆಡಿಟ್ ಫೀಸಿನ ಜೊತೆ ಆ ಸಂಬಳವೂ ಸ್ಪರ್ಧೆಗೆ ಇಳಿಯುತ್ತದೆ. ಉಳ್ಳವರ ಮನೆಯ ಟ್ರಸ್ಟಿಗಳಿಗೆ ಇದು ತೊಂದರೆಯೇ ಅಲ್ಲ.

ಅದೇ ತಿದ್ದುಪಡಿ ಇನ್ನೊಂದು ಹೊಡೆತ ಕೊಟ್ಟಿತು. ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವ ಹಾಗಿಲ್ಲ. ತಾಲ್ಲೂಕು ಮಟ್ಟದ ಎಷ್ಟೋ ಸಂಘಟನೆಗಳು ಹಾಗೆ ಬರುತ್ತಿದ್ದ ಹಣದಲ್ಲೇ ನಡೆಯುತ್ತಿದ್ದವು. ನೇರವಾಗಿ ನೋಂದಣಿ ಮಾಡಿಸಬೇಕು ಅಂದರೆ ಸಾಮಾನ್ಯವಾಗಿ ಮೂರು ವರ್ಷ ಹಳೆಯದಾಗಿರಬೇಕು, ಹಿಂದಿನ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಗಳ ಮೇಲೆ 15 ಲಕ್ಷ ಖರ್ಚು ಮಾಡಿರಬೇಕು. ಕೂಲಿಕಾರರ ಸಂಘ ಅಷ್ಟು ಎಲ್ಲಿಂದ ತರಬೇಕು?

ಹರಿಹರದ ಓದುಗ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಮುದಾಯದವರೇ ನಾಯಕರಾದರೆ ಎಲ್ಲ ಸರಿ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. ದಲಿತ ಸಂಘರ್ಷ ಸಮಿತಿಯನ್ನೇ ನೋಡಿ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ ಮಂತ್ರಿ ಬಸವಲಿಂಗಪ್ಪನವರ ಮಾತಿನಿಂದ ಎದ್ದ 1973ರ ಬೂಸಾ ಚಳವಳಿಯ ಬಿಸಿಯಲ್ಲಿ ಹುಟ್ಟಿತು. ನಮ್ಮ ಹರಿಹರದವರೇ ಆದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡು ಅದನ್ನು ಕಟ್ಟಿದರು. ಹೊರಗಿನ ಹಣ ಇರಲಿಲ್ಲ, ಜೀಪು ಇರಲಿಲ್ಲ. ಕಾರ್ಯಕರ್ತರು ಹಾಡು ಹೇಳುತ್ತಾ, ಹಳ್ಳಿಯವರ ಮನೆಯಲ್ಲೇ ಉಂಡು ಮಲಗುತ್ತಾ ಊರೂರು ಸುತ್ತಿದರು. ಪದಾಧಿಕಾರಿಗಳನ್ನು 'ಸಂಚಾಲಕ' ಅಂತ ಕರೆದರು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ ನಿಂತವರಲ್ಲಿ ಇವರೇ ಮುಂದೆ ಇದ್ದರು. ಪೂರಾ ಸಮುದಾಯದ ನಾಯಕತ್ವ. ಆದರೂ ಮುಂದೆ ಒಡೆದು ಹಲವು ಬಣ ಆಯಿತು. 2022ರ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಬಣಗಳೆಲ್ಲ ಒಂದೇ ವೇದಿಕೆಗೆ ಬಂದಾಗ ನನ್ನಂಥವರಿಗೆ ಎಷ್ಟು ಸಂತೋಷ ಆಯಿತು ಅಂತ ಹೇಳಲಾರೆ. ಅಷ್ಟು ವರ್ಷ ಕಾಯಬೇಕಾಯಿತಲ್ಲ ಅನ್ನುವ ಸಂಕಟವೂ ಇತ್ತು.

ನಾನು ಹೇಳುವುದು ಇಷ್ಟೇ. ಯಾರು ಬರುತ್ತಾರೆ ಅನ್ನುವುದರ ಜೊತೆ, ಬಂದವರು ಹೇಗೆ ಇಳಿಯುತ್ತಾರೆ ಅನ್ನುವುದನ್ನೂ ಈಗಲೇ ಬರೆದಿಡಿ. ಅವಧಿ ಎಷ್ಟು, ಎಷ್ಟು ಸಲ ನಿಲ್ಲಬಹುದು, ಭಿನ್ನಾಭಿಪ್ರಾಯ ಬಂದರೆ ಯಾರ ಮುಂದೆ ಕೂರಬೇಕು. ಅಕ್ಕ ಎಷ್ಟೇ ಒಳ್ಳೆಯವರಾದರೂ ಇದು ಬೇಕು.

ಚಾಂಪಿಯನ್ ರೀಫ್

ಹರಿಹರದ ಸರ್ ಹೇಳಿದ್ದು ಒಪ್ಪುತ್ತೇನೆ. ಆದರೂ ನಮ್ಮ ಕೆಜಿಎಫ್ (ಕೋಲಾರ ಚಿನ್ನದ ಗಣಿ) ಕಥೆ ಇಲ್ಲಿ ಹೇಳಲೇಬೇಕು.

ಮಲ ಬಳಿಯುವ ಪದ್ಧತಿಯ ವಿರುದ್ಧ ಹೋರಾಡಿದ ಬೆಜವಾಡ ವಿಲ್ಸನ್ ಹುಟ್ಟಿದ್ದು 1966ರಲ್ಲಿ, ಇಲ್ಲೇ. ಗಣಿ ಕಾರ್ಮಿಕರ ಲೈನುಗಳಲ್ಲಿ ಒಣ ಕಕ್ಕಸುಗಳಿದ್ದವು. ಅವರ ಮನೆಯವರು ಅದನ್ನು ಬಳಿಯುವ ಕೆಲಸಕ್ಕೆ ಹೋಗುತ್ತಿದ್ದರು. ಓದಿದ ಹುಡುಗ ಉದ್ಯೋಗ ವಿನಿಮಯ ಕಚೇರಿಗೆ ಹೋದರೆ, ಜಾತಿ ನೋಡಿ ಅದೇ ಕೆಲಸಕ್ಕೆ ಹೆಸರು ಬರೆದುಕೊಂಡರು. 1986ರಿಂದ ಕಾಗದ ಬರೆಯಲು ಶುರು ಮಾಡಿದರು. ಗಣಿ ಆಡಳಿತಕ್ಕೆ, ಮಂತ್ರಿಗಳಿಗೆ, ಪ್ರಧಾನಿಗೆ. "ನಮ್ಮಲ್ಲಿ ಅಂಥ ಕಕ್ಕಸು ಇಲ್ಲವೇ ಇಲ್ಲ" ಅನ್ನುವ ಉತ್ತರವೇ ಗಟ್ಟಿಯಾಗಿದ್ದಾಗ ಫೋಟೋ ತೆಗೆದು ತೋರಿಸಿದರು. ಪೇಪರಿನಲ್ಲಿ ಬಂತು, ಆಮೇಲೆ ಗಣಿಯವರು ಒಣ ಕಕ್ಕಸುಗಳನ್ನು ಬದಲಿಸಿದರು.

ಅಲ್ಲಿಂದ ಸಫಾಯಿ ಕರ್ಮಚಾರಿ ಆಂದೋಲನ ಹುಟ್ಟಿತು. ಇಲ್ಲಿ ಗಮನಿಸಬೇಕಾದ್ದು ಇನ್ನೊಬ್ಬರನ್ನು. ಎಸ್.ಆರ್. ಶಂಕರನ್, ನಿವೃತ್ತ ಐಎಎಸ್ ಅಧಿಕಾರಿ. ಸರ್ಕಾರದ ಒಳಗು ಹೊರಗು ಗೊತ್ತಿದ್ದವರು. ಕಾಯ್ದೆ, ಫೈಲು, ಯಾವ ಇಲಾಖೆಗೆ ಯಾವ ಪ್ರಶ್ನೆ ಕೇಳಬೇಕು, ಎಲ್ಲ ಬಲ್ಲವರು. ಅವರು 2010ರಲ್ಲಿ ತೀರಿಕೊಳ್ಳುವ ತನಕ ಬೆನ್ನಿಗೆ ನಿಂತರು. ಮುಂದೆ ನಿಂತು ಮಾತಾಡಿದವರು ಮಾತ್ರ ಆ ಸಮುದಾಯದವರು, ಬುಟ್ಟಿ ಪೊರಕೆ ಸುಟ್ಟು ಹೊರಬಂದ ಹೆಂಗಸರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2014ರ ಮಾರ್ಚ್‌ನಲ್ಲಿ ತೀರ್ಪು ಬಂತು. 1993ರಿಂದ ಈಚೆಗೆ ಒಳಚರಂಡಿ, ಮಲಗುಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಮನೆಗೂ 10 ಲಕ್ಷ ಪರಿಹಾರ. 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ಕೇಸಿನಲ್ಲಿ ಅದೇ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು.

ನಿಮ್ಮ ಧಾರವಾಡದ ಹುಡುಗನಿಗೆ ಇದನ್ನು ಹೇಳಿ. ಅವನ ಓದು, ಇಂಗ್ಲಿಷ್ ಯಾವುದೂ ವ್ಯರ್ಥ ಅಲ್ಲ. ಶಂಕರನ್ ಅವರಂಥವರು ಆ ಓದನ್ನು ಹೇಗೆ ಬಳಸಿದರು ಅಂತ ನೋಡಲಿ. ಬೆನ್ನಿಗೆ ನಿಲ್ಲುವುದು ಸಣ್ಣ ಕೆಲಸ ಅಲ್ಲ.

ಬೆಂಗಳೂರು ದಾನಿ ಕಚೇರಿ

ನಾನು ಒಂದು ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿದ್ದೇನೆ. ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು. ಯಾವ್ಯಾವುದಕ್ಕೆ ಅನ್ನುವ ಪಟ್ಟಿಯಲ್ಲಿ ಹಿಂದುಳಿದವರ ಅಸಮಾನತೆ ಕಡಿಮೆ ಮಾಡುವುದೂ ಇದೆ. ಅಂದರೆ ನಿಮ್ಮಂಥ ಸಂಸ್ಥೆಗೆ ಬಾಗಿಲು ಮುಚ್ಚಿಲ್ಲ. ಆದರೆ ನಿಜ ಹೇಳುತ್ತೇನೆ, ಶಾಲೆಗೆ ಬೆಂಚು ಕೊಡುವುದು ಸುಲಭ. ಫೋಟೋ ಬರುತ್ತದೆ, ಲೆಕ್ಕ ಸಿಗುತ್ತದೆ. ಠಾಣೆಯಲ್ಲಿ ಒಬ್ಬ ಹೆಣ್ಣುಮಗಳ ಜೊತೆ ಇಡೀ ದಿನ ಕೂತಿದ್ದಕ್ಕೆ ಯಾವ ಕಾಲಂ ತುಂಬಬೇಕು ಅಂತ ನಮ್ಮ ಫಾರಂನಲ್ಲೇ ಇಲ್ಲ.

ಇನ್ನೊಂದು ತೊಂದರೆ ನಮ್ಮ ಮೀಟಿಂಗುಗಳು. ಸಂಸ್ಥೆಯವರು ಬಂದಾಗ ಇಂಗ್ಲಿಷಿನಲ್ಲೇ ಮಾತು ಶುರು ಆಗುತ್ತದೆ. ಐದು ನಿಮಿಷದಲ್ಲಿ ಹಳ್ಳಿಯಿಂದ ಬಂದ ಅಧ್ಯಕ್ಷೆ ಸುಮ್ಮನಾಗಿಬಿಡುತ್ತಾರೆ, ಜೊತೆಗೆ ಬಂದ ಕೋಆರ್ಡಿನೇಟರ್ ಮಾತಾಡುತ್ತಾರೆ. ಇದನ್ನು ನೋಡಿ ನನಗೆ ಸಾಕಾಗಿ, ಈಗ ನಾನು ಇರುವ ಮೀಟಿಂಗ್ ಕನ್ನಡದಲ್ಲೇ ನಡೆಯಲಿ ಅಂತ ಪಟ್ಟು ಹಿಡಿಯುತ್ತೇನೆ. ಕನ್ನಡ ಬಾರದ ಸಹೋದ್ಯೋಗಿಗೆ ನಾವು ಹೇಳಿ ತಿಳಿಸಬೇಕು. ಬೆಂಗಳೂರಿನಲ್ಲಿ ಕೂತವರು ಅಷ್ಟೂ ಮಾಡದಿದ್ದರೆ ಹೇಗೆ? ನಿಮ್ಮ ಅಕ್ಕ ಬಂದರೆ ಕನ್ನಡದಲ್ಲೇ ಕೂತು ಮಾತಾಡೋಣ, ಪ್ರಸ್ತಾವನೆಯನ್ನೂ ಕನ್ನಡದಲ್ಲೇ ಕೊಡಿ. ಅನುವಾದ ನಮ್ಮ ಜವಾಬ್ದಾರಿ.

ಡಲ್ಲಾಸ್ ಕನ್ನಡತಿ

ನಾವು ಇಲ್ಲಿ ಕೆಲವು ಗೆಳೆಯರು ಸೇರಿ ಪ್ರತಿ ವರ್ಷ ಊರಿನ ಯಾವುದಾದರೂ ಸಂಸ್ಥೆಗೆ ಹಣ ಕಳಿಸುತ್ತೇವೆ. ಹೋದ ಸಲ ಒಬ್ಬರು "ನಿಮ್ಮ ಹಣ ಬೇಡ, ತೊಂದರೆ ಆಗುತ್ತದೆ" ಅಂದರು. ಮನಸ್ಸಿಗೆ ನೋವಾಯಿತು. ಏನು ಕಾರಣ ಇರಬಹುದು?

ಲೆಕ್ಕಪತ್ರ ಹುಬ್ಬಳ್ಳಿ

ಅವರು ನಿಮ್ಮನ್ನು ದೂರ ಮಾಡಿದ್ದಲ್ಲ ಮೇಡಂ, ಸಂಸ್ಥೆಯನ್ನು ಉಳಿಸಿಕೊಂಡಿದ್ದು. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದರ ಮೇಲೆ ನಿಂತಿದೆ ಇದು. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವ ಹಾಗಿಲ್ಲ. ಎಫ್‌ಸಿಆರ್‌ಎ ಇದ್ದರೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ನಿಮ್ಮ ಗುಂಪಿನಲ್ಲಿ ಎರಡೂ ಥರದವರು ಇದ್ದರೆ ಹಣ ಒಟ್ಟು ಮಾಡಿ ಕಳಿಸಬೇಡಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ತಮ್ಮ ಖಾತೆಯಿಂದ, ಪಾಸ್‌ಪೋರ್ಟಿನ ನಕಲು ಸಮೇತ ಕಳಿಸಲಿ.

ಡಲ್ಲಾಸ್ ಕನ್ನಡತಿ

ಈಗ ಅರ್ಥ ಆಯಿತು, ತುಂಬಾ ಥ್ಯಾಂಕ್ಸ್. ನಾವು ಕಳಿಸುವಾಗ "ಇದು ಆಫೀಸ್ ಖರ್ಚಿಗೆ ಬೇಡ, ಬಡವರಿಗೇ ತಲುಪಬೇಕು" ಅಂತ ಬರೆಯುತ್ತಿದ್ದೆವು. ರಾಯಚೂರಿನ ತಂಗಿ ಬರೆದದ್ದು ಓದಿದ ಮೇಲೆ ಅನ್ನಿಸುತ್ತಿದೆ, ಮುಂದಿನ ಸಲ "ನಡೆಸುವ ಹೆಣ್ಣುಮಕ್ಕಳ ಗೌರವಧನಕ್ಕೆ ಬಳಸಿ" ಅಂತಲೇ ಬರೆಯೋಣ ಅಂತ. ನಮ್ಮ ಗುಂಪಿನಲ್ಲಿ ಈ ಮಾತು ಎತ್ತುತ್ತೇನೆ.

ಹರಿಹರದ ಓದುಗ

ಇದು ಬಹಳ ದೊಡ್ಡ ಮಾತು ತಾಯಿ.

ಘಟಪ್ರಭಾ ದಂಡೆ

ಎಲ್ಲರ ಮಾತೂ ಓದಿದೆ. ನಿನ್ನೆ ಸಂಜೆ ಆ ಅಕ್ಕನ ಮನೆಗೇ ಹೋಗಿ ಮಾತಾಡಿದೆ. ಧಾರವಾಡದ ಹುಡುಗನನ್ನೂ ಕರೆದಿದ್ದೆ.

ಅಕ್ಕ ಮೊದಲು ಬೇಡ ಅಂದರು. ಓದು ಕಡಿಮೆ ಅನ್ನುವ ಅಂಜಿಕೆ ಅಂದುಕೊಂಡೆ. ಅದಲ್ಲ. "ಕಾರ್ಯದರ್ಶಿ ಆದ್ರ ಆಫೀಸಿನ್ಯಾಗ ಕುಂದ್ರಬೇಕು, ಊರಿಗೆ ಹೋಗೋರು ಯಾರು?" ಅಂದರು. ಹುಡುಗನೇ ಉತ್ತರ ಕೊಟ್ಟ. "ಆಫೀಸಿನ್ಯಾಗ ನಾ ಕುಂದರ್ತೀನ್ರೀ ಅಕ್ಕಾ. ನೀವು ಊರಿಗೆ ಹೋಗ್ರಿ, ಬಂದ ಮ್ಯಾಲ ನನಗ ಕೆಲಸ ಹೇಳ್ರಿ." ನನಗೆ ಆ ಹುಡುಗನ ಮೇಲೆ ಗೌರವ ಜಾಸ್ತಿ ಆಯಿತು.

ಅಕ್ಕ ಎರಡು ಷರತ್ತು ಹಾಕಿದ್ದಾರೆ. ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ಸಂಘದ ಹೆಣ್ಣುಮಕ್ಕಳ ಮುಂದೆ ಗಟ್ಟಿಯಾಗಿ ಓದಬೇಕು. ನಮ್ಮ ಸ್ವಸಹಾಯ ಸಂಘಗಳಲ್ಲಿ ಹಾಗೇ ಮಾಡುತ್ತೇವೆ ಅಲ್ವಾ, ಉಳಿತಾಯದ ಪೆಟ್ಟಿಗೆ ಎಲ್ಲರ ಎದುರಿಗೇ ತೆರೆದು ಎಣಿಸುತ್ತೇವೆ, ಬೀಗದ ಕೈ ಒಬ್ಬರ ಹತ್ತಿರ, ಪೆಟ್ಟಿಗೆ ಇನ್ನೊಬ್ಬರ ಹತ್ತಿರ. ಅದೇ ಪದ್ಧತಿ ಸಂಸ್ಥೆಗೂ ಬರಲಿ ಅಂದರು. ಎರಡನೆಯದು, ತಾವು ಎಷ್ಟು ವರ್ಷ ಇರಬೇಕು ಅಂತ ಈಗಲೇ ಬರೆಯಬೇಕು. ಹರಿಹರದ ಸರ್ ಹೇಳಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ, ಅವರೇ ಕೇಳಿದರು. "ಮೂರು ವರ್ಷ, ಆಮ್ಯಾಲ ಇನ್ನೊಬ್ಬಾಕಿ ಬರ್ಲಿ, ಕಲಸೂದಕ್ಕ ಈಗಿಂದ ಇಬ್ಬರನ್ನ ಜೋಡಿ ಕೊಡ್ರಿ."

ಸಮಿತಿಯ ಇಬ್ಬರು ಹಿರಿಯರು ಇನ್ನೂ ಒಪ್ಪಿಲ್ಲ. "ದಾನಿಗಳು ನಂಬುತ್ತಾರಾ?" ಅನ್ನುವುದೇ ಅವರ ಪ್ರಶ್ನೆ. ಬೆಂಗಳೂರಿನವರು ಬರೆದದ್ದನ್ನು ಪ್ರಿಂಟ್ ತೆಗೆದು ಕೊಡುತ್ತೇನೆ.

ಲೆಕ್ಕಪತ್ರ ಅಣ್ಣ, ಬ್ಯಾಂಕಿಗೆ ಏನೇನು ಬೇಕು?

ಲೆಕ್ಕಪತ್ರ ಹುಬ್ಬಳ್ಳಿ

ಬೈಲಾದಲ್ಲಿ ಹೇಳಿದಷ್ಟು ದಿನ ಮೊದಲು ಎಲ್ಲ ಸದಸ್ಯರಿಗೂ ನೋಟಿಸು ಹೋಗಬೇಕು, ಅಜೆಂಡಾದಲ್ಲಿ ಪದಾಧಿಕಾರಿಗಳ ಆಯ್ಕೆ ಅಂತ ಸ್ಪಷ್ಟವಾಗಿ ಇರಲಿ. ಕೋರಂ (ಸಭೆಗೆ ಬೇಕಾದಷ್ಟು ಸದಸ್ಯರ ಹಾಜರಿ) ಆಗಿದೆ ಅಂತ ನಡಾವಳಿ ಪುಸ್ತಕದಲ್ಲಿ ಸಹಿ ಸಮೇತ ಬರೆಯಿರಿ, ಹೆಬ್ಬೆಟ್ಟು ಒತ್ತುವವರ ಹೆಸರನ್ನು ಪಕ್ಕದಲ್ಲೇ ಬರೆಯಿರಿ. ಹಳೆಯ ಸಹಿದಾರರನ್ನು ತೆಗೆದು ಹೊಸಬರನ್ನು ಸೇರಿಸುವ ಠರಾವು ಬೇರೆಯೇ ಆಗಲಿ. ಮೂವರ ಹೆಸರು ಇಟ್ಟು ಇಬ್ಬರ ಸಹಿ ಕಡ್ಡಾಯ ಮಾಡಿ, ಆ ಇಬ್ಬರಲ್ಲಿ ಒಂದು ಯಾವಾಗಲೂ ಅಕ್ಕನದ್ದೇ ಇರಲಿ. ಅವಧಿ ಮೂರು ವರ್ಷ ಅನ್ನುವುದು ಠರಾವಿನಲ್ಲಿದ್ದರೆ ಸಾಲದು, ಬೈಲಾ ತಿದ್ದುಪಡಿ ಮಾಡಿ ನೋಂದಣಾಧಿಕಾರಿಗೆ ಕೊಡಿ. ಬ್ಯಾಂಕಿಗೆ ಠರಾವಿನ ದೃಢೀಕೃತ ನಕಲು, ಹೊಸ ಪದಾಧಿಕಾರಿಗಳ ಪಟ್ಟಿ, ಅಕ್ಕನ ಆಧಾರ್, ಪ್ಯಾನ್, ಫೋಟೋ. ಅಕ್ಕನಿಗೆ ಪ್ಯಾನ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ, ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ದರ್ಪಣ್ ಪೋರ್ಟಲ್ಲಿನಲ್ಲಿ ಹಳೆಯ ಕಾರ್ಯದರ್ಶಿಯ ಮೊಬೈಲ್ ನಂಬರೇ ಉಳಿದಿರುತ್ತದೆ, ಅದನ್ನು ಬದಲಿಸುವುದು ಮರೆಯಬೇಡಿ. ಒಟಿಪಿ ಯಾರ ಫೋನಿಗೆ ಬರುತ್ತದೋ ಸಂಸ್ಥೆ ಅವರ ಕೈಯಲ್ಲೇ ಇದ್ದ ಹಾಗೆ.

ರಾಯಚೂರು ಮಗಳು

ಆ ಒಟಿಪಿ ಮಾತು ಎಲ್ಲರೂ ಓದಿ. ನಮ್ಮ ಅವ್ವನ ಹೆಸರಿನಲ್ಲಿ ಎಲ್ಲ ಇತ್ತು, ನಂಬರ್ ಮಾತ್ರ ಬೇರೆಯವರದ್ದು.

ಘಟಪ್ರಭಾ ದಂಡೆ

ಅಕ್ಕನ ಹತ್ತಿರ ಆಧಾರ್ ಇದೆ, ಪ್ಯಾನ್ ಇಲ್ಲ. ನಾಳೆ ಬೆಳಿಗ್ಗೆ ಹುಡುಗ ಕರೆದುಕೊಂಡು ಹೋಗುತ್ತಾನೆ. ಠರಾವಿನ ಕರಡನ್ನು ಕನ್ನಡದಲ್ಲಿ ಬರೆದು ಭಾನುವಾರ ಇಲ್ಲಿ ಹಾಕುತ್ತೇನೆ, ಎಲ್ಲಾದರೂ ತಪ್ಪಿದ್ದರೆ ತಿದ್ದಿ ಕೊಡಿ.